ಹಾಜರಳ ಸಂಬಳ

ನಾಯಿಫ್ ಪೇಟೆಯಲ್ಲಿ ಹಸನ್ ಸಾಹೇಬರ ಪಕ್ಕದ ಅಂಗಡಿಯ ಯಜಮಾನ ತೀರಿಕೊಂಡ ಮೇಲೆ ಅವನ ಬ್ಯಾಂಕ್ ಖಾತೆಗೆ ಬೀಗ ಬಿತ್ತು. ಮಕ್ಕಳು ಕೋರ್ಟಿನ ಕಾಗದಕ್ಕಾಗಿ ಐದು ತಿಂಗಳು ಅಲೆದರು. ಅದನ್ನು ದಿನಾ ಕಣ್ಣೆದುರು ಕಂಡ ಹಸನ್ ಸಾಹೇಬರು ಒಂದು ಶುಕ್ರವಾರದ ಊಟಕ್ಕೆ ಇಬ್ಬರು ಮಕ್ಕಳೂ ಕೂತಿದ್ದಾಗ ಮಾತು ತೆಗೆದರು.

"ನಾನು ಕಣ್ಣು ಬಿಟ್ಟಿರುವಾಗಲೇ ಪಾಲು ಮಾಡಿಬಿಡುತ್ತೇನೆ. ಆಮೇಲೆ ನೀವು ಕೋರ್ಟಿನ ಮೆಟ್ಟಿಲಲ್ಲಿ ಕೂತು ನನ್ನನ್ನು ಬೈಯುವುದು ಬೇಡ."

"ಈಗ ಎಂಥ ಅವಸರ ಅಬ್ಬಾ?" ಎಂದ ಫರಾಝ್. ಅವನು ಹಿರಿಯ ಮಗ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮನೆ, ಒಂದು ಕಂಪನಿಯಲ್ಲಿ ಅಕೌಂಟೆಂಟ್. ಅವಸರ ಇಲ್ಲ ಎನ್ನುತ್ತಲೇ ತಟ್ಟೆ ಸರಿಸಿ ನೆಟ್ಟಗೆ ಕೂತ.

"ನಾಯಿಫ್ ಅಂಗಡಿ ರಯ್ಯಾನ್‌ಗೆ. ಅವನೇ ನಡೆಸುತ್ತಿದ್ದಾನೆ. ಗೋಡೌನ್ ನಿನಗೆ. ಇಲ್ಲಿ ಕೆಳಗಿನ ಬೀದಿಯ ಚಿಕ್ಕ ಅಂಗಡಿ ಇಲ್ಯಾಸ್ ಶುರು ಮಾಡಿದ್ದು. ಅದು ಸಲ್ವಾಗೆ."

ಅಡುಗೆಮನೆಯಲ್ಲಿ ಶ್ಯಾವಿಗೆಯ ಶೆವಯ್ಯಾ ಬಿರಿಯಾನಿಯ ಎರಡನೇ ತಟ್ಟೆ ತುಂಬುತ್ತಿದ್ದ ಹಾಜರಳ ಕೈ ನಿಂತಿತು. ಇಲ್ಯಾಸ್ ಅವಳ ಗಂಡ, ಈ ಮನೆಯ ನಡುವಿನ ಮಗ. ಆರು ವರ್ಷದ ಹಿಂದೆ ಶೇಖ್ ಝಾಯೆದ್ ರಸ್ತೆಯ ಅಪಘಾತದಲ್ಲಿ ಹೋದ. ಶರೀಅತ್ತಿನ ಪ್ರಕಾರ ಅಜ್ಜ ಬದುಕಿರುವಾಗಲೇ ಅಪ್ಪ ಸತ್ತರೆ, ಚಿಕ್ಕಪ್ಪ ದೊಡ್ಡಪ್ಪಂದಿರು ಇರುವಾಗ ಮೊಮ್ಮಗಳಿಗೆ ಪಾಲು ಬರುವುದಿಲ್ಲ. ಮಯ್ಯತ್ತು ಮಣ್ಣು ಮಾಡಿದ ದಿನವೇ ಯಾರೋ ಹೆಂಗಸು ಅವಳ ಕಿವಿಯಲ್ಲಿ ಇದನ್ನು ಹೇಳಿ ಹೋಗಿದ್ದಳು. ಅಜ್ಜ ಬದುಕಿರುವಾಗ ತನ್ನ ಕೈಯಾರೆ ಕೊಟ್ಟರೆ ಮಾತ್ರ ಉಂಟು. ಅಂದಿನಿಂದ ಹಾಜರ ಈ ಮಾತಿಗೆ ಕಾಯುತ್ತಿದ್ದಳು. ತಾನಾಗಿ ಒಮ್ಮೆಯೂ ಕೇಳಿರಲಿಲ್ಲ.

ಅವಳು ತಟ್ಟೆ ತಂದಿಟ್ಟಾಗ ರಯ್ಯಾನ್ ಈರುಳ್ಳಿಯನ್ನು ಒಂದೊಂದಾಗಿ ಬದಿಗೆ ತೆಗೆಯುತ್ತಿದ್ದ. ಅವನ ಹೆಂಡತಿ ಅಮೀರಾ ಎದ್ದು, ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಎಂಬಂತೆ, ಪಾತ್ರೆ ತೊಳೆಯಲು ನಿಂತಳು.

"ಭಾಭಿ, ನೀವು ಕೂತ್ಕೊಳ್ಳಿ. ಈಗ ನೀವು ಅಂಗಡಿಯವರ ಅಮ್ಮ ಅಲ್ವಾ," ಎಂದಳು ನಗುತ್ತಾ.

ಹದಿನಾರರ ಸಲ್ವಾ ಫೋನಿನಿಂದ ತಲೆ ಎತ್ತಿದಳು. "ವೇಟ್, ಸೀರಿಯಸ್ಲಿ? ನನಗಾ ದಾದಾ?"

"ನಿನಗೇ. ನಿನ್ನ ಅಪ್ಪನ ಅಂಗಡಿ."

"ಓ ಮೈ ಗಾಡ್," ಎಂದು ಅವಳು ಅಜ್ಜನ ತಲೆಗೆ ಮುತ್ತಿಟ್ಟಳು. ಹಸನ್ ಸಾಹೇಬರು ಟೋಪಿ ಸರಿಮಾಡಿಕೊಂಡು, "ಸಾಕು, ಸಾಕು, ಊಟ ಆರುತ್ತದೆ" ಎಂದರು.

ಆ ಅಂಗಡಿ ಹನ್ನೆರಡು ಅಡಿ ಅಗಲ. ದರ್ಜಿಗಳಿಗೆ ಬೇಕಾದ ನೂಲು, ಗುಂಡಿ, ಝಿಪ್ಪು, ಲೈನಿಂಗ್ ಬಟ್ಟೆ. ಅವರಿದ್ದ ಅಲ್ ಕುಸೈಸ್‌ನ ಅರ್ಧ ದರ್ಜಿಗಳು ಅಲ್ಲಿಗೇ ಬರುತ್ತಿದ್ದರು. ಮುಂದಿನ ವಾರ ಸಲ್ವಾ ಶಾಲೆಯಿಂದ ಬರುವಾಗ ಅದರ ಎದುರು ನಿಂತು ಫೋಟೊ ತೆಗೆದು ತಂದು ತೋರಿಸಿದಳು. "ಮಮ್ಮಾ, ಬೋರ್ಡ್ ಚೇಂಜ್ ಮಾಡುವಾ. ತುಂಬಾ ಓಲ್ಡ್ ಉಂಟು."

"ಕಾಗದ ಆಗಲಿ ಮೊದಲು. ಯಾರ ಹತ್ತಿರವೂ ಹೇಳಬೇಡ."

"ಯಾಕೆ ಯಾವಾಗಲೂ ಹೆದರುವುದು ನೀವು?"

ಹಾಜರ ಫೋನನ್ನು ಮಗಳ ಕೈಗೆ ವಾಪಸು ಕೊಟ್ಟಳು. ಬೋರ್ಡಿನ ಮಾತು ಬೇರೆ, ವೀಸಾದ ಮಾತು ಬೇರೆ. ಗಂಡ ಸತ್ತ ಮೇಲೆ ಅವಳು ಇಲ್ಲಿ ಉಳಿಯಬೇಕಾದರೆ ಯಾರಾದರೂ ಕೆಲಸದ ವೀಸಾ ಕೊಡಬೇಕಿತ್ತು. ಮಾವ ನಾಯಿಫ್ ಅಂಗಡಿಯ ಲೈಸೆನ್ಸಿನಲ್ಲಿ ಅವಳನ್ನು ಕ್ಲಾರ್ಕ್ ಎಂದು ಬರೆಸಿದರು. ತಿಂಗಳಿಗೆ ನಾಲ್ಕು ಸಾವಿರ ದಿರಹಂ. ಅಷ್ಟು ಸಂಬಳ ತೋರಿಸಿದರೆ ಮಾತ್ರ ಅವಳು ಮಗಳನ್ನು ತನ್ನ ವೀಸಾದಲ್ಲಿ ಇಟ್ಟುಕೊಳ್ಳಬಹುದಿತ್ತು. ಸರಕಾರದ ನಿಯಮದ ಪ್ರಕಾರ ಸಂಬಳ ಬ್ಯಾಂಕಿಗೇ ಬರಬೇಕು, ಬರುತ್ತಿತ್ತು. ತಿಂಗಳ ಮೊದಲ ಶನಿವಾರ ಅವಳು ಕೆಳಗಿನ ಎಟಿಎಂನಿಂದ ನಾಲ್ಕು ಸಾವಿರವನ್ನೂ ತೆಗೆದು ಮಾವನ ಕೈಯಲ್ಲಿ ಇಡುತ್ತಿದ್ದಳು. ಅವರು ಎಣಿಸಿ, "ಅಲ್ಹಮ್ದುಲಿಲ್ಲಾ" ಎಂದು, ಇನ್ನೂರು ಅವಳಿಗೆ ವಾಪಸು ಕೊಡುತ್ತಿದ್ದರು. ಶಾಲೆಯ ಫೀಸು, ಅಕ್ಕಿ, ಮೀನು ಎಲ್ಲವೂ ಅವರ ಡ್ರಾಯರಿನಿಂದಲೇ ನಡೆಯುತ್ತಿತ್ತು. ಆರು ವರ್ಷದಲ್ಲಿ ಒಂದು ಚೀಟಿ ಬರೆದದ್ದಿಲ್ಲ. ಮನೆಯವರ ನಡುವೆ ಎಂಥ ಚೀಟಿ?

ಬಿಕಾಂ ಓದಿದ ಹಾಜರಳಿಗೆ ಅದು ಒಮ್ಮೊಮ್ಮೆ ಚುಚ್ಚುತ್ತಿತ್ತು. ಕೇಳುವ ಧೈರ್ಯವಾಗಲಿಲ್ಲ.

ಎರಡನೇ ವಾರ ಫರಾಝ್ ದಿನಾ ತಮ್ಮನಿಗೆ ಫೋನ್ ಮಾಡತೊಡಗಿದ. ರಯ್ಯಾನ್ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದ. ಫರಾಝನ ಮಗನ ಕಾಲೇಜು ಮುಗಿಯುತ್ತಿತ್ತು. ಅವನಿಗೊಂದು ವೀಸಾ ಬೇಕು, ಕೂರಲು ಒಂದು ಅಂಗಡಿ ಬೇಕು. ಬಟ್ಟೆ ಒಣಹಾಕುವ ನೆಪದಲ್ಲಿ ಹಾಜರಳಿಗೆ ಇಷ್ಟು ಕೇಳಿಸಿತು.

ಅಮೀರಾ ಪಾತ್ರೆ ತೊಳೆಯುವುದು ನಾಲ್ಕೇ ದಿನಕ್ಕೆ ನಿಂತಿತು. "ಭಾಭಿ, ಚಿಕ್ಕ ಅಂಗಡಿ ಸಿಕ್ಕಿದ ಮೇಲೆ ನೀವು ಬೇರೆ ಮನೆ ಮಾಡ್ತೀರಾ?" ಎಂದು ಕೇಳಿದಳು.

"ಅದೆಲ್ಲ ಯಾರು ಯೋಚಿಸಿದ್ದಾರೆ?"

"ಅಲ್ಲ, ಅಬ್ಬಾನ ಇನ್ಸುಲಿನ್, ಊಟ ಎಲ್ಲ ಇಲ್ಲೇ ಅಲ್ವಾ. ನನಗೆ ಸೂಜಿ ಕಂಡರೆ ತಲೆ ತಿರುಗುತ್ತದೆ. ನೀವು ಹೋದರೆ ಕಷ್ಟ. ಅದಕ್ಕೆ ಕೇಳಿದ್ದು."

ಮೂರನೇ ಶುಕ್ರವಾರ ಜುಮಾ ನಮಾಜು ಮುಗಿಸಿ ಊರಿನ ಕಡೆಯ ಇಬ್ಬರು ಹಿರಿಯರು ಬಂದರು. ಹಸನ್ ಸಾಹೇಬರೇ ಕರೆಸಿದ್ದು. ಪಾಲಿಗೆ ಸಾಕ್ಷಿ ಇರಲಿ, ನಾಳೆ ಮಾತು ಬರಬಾರದು ಎಂದು. ಹಾಜರ ಬೆಳಿಗ್ಗೆ ಐದಕ್ಕೇ ಎದ್ದು ಸಿಗಡಿ ಹಾಕಿ ಅಕ್ಕಿಹಿಟ್ಟಿನ ಉಂಡೆಯ ಮುಡ್ಕುಳೆ ಬೇಯಿಸಿದ್ದಳು. ಹಿರಿಯರು ಎರಡೆರಡು ಬಾರಿ ಹಾಕಿಸಿಕೊಂಡು, "ಊರಲ್ಲೂ ಈಗ ಈ ರುಚಿ ಇಲ್ಲ" ಎಂದು ಹೊಗಳಿದರು. ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ ನಿಂತರು.

ನಾಯಿಫ್ ಅಂಗಡಿಯ ಮಾತು ಮುಗಿಯಿತು. ಗೋಡೌನಿನ ಮಾತು ಮುಗಿಯಿತು. ಆಗ ಫರಾಝ್ ಲ್ಯಾಪ್‌ಟಾಪ್ ತೆರೆದ.

"ಚಿಕ್ಕ ಅಂಗಡಿಯ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಉಂಟು. ನ್ಯಾಯದ ಮಾತು, ಹಿರಿಯರು ತಪ್ಪು ತಿಳಿಯಬಾರದು. ಹಾಜರಳ ಖಾತೆಗೆ ಆರು ವರ್ಷದಿಂದ ತಿಂಗಳಿಗೆ ನಾಲ್ಕು ಸಾವಿರ ಹೋಗಿದೆ. ಎಪ್ಪತ್ತೆರಡು ತಿಂಗಳು. ಎರಡು ಲಕ್ಷದ ಎಂಬತ್ತೆಂಟು ಸಾವಿರ ದಿರಹಂ. ಎಲ್ಲ ಬ್ಯಾಂಕಿನ ಕಾಗದ. ಆ ಅಂಗಡಿಯ ಬೆಲೆಯೇ ಅಷ್ಟಿಲ್ಲ."

ಹಾಜರಳಿಗೆ ಮೊದಲು ಅರ್ಥವಾಗಲಿಲ್ಲ. ಅಮೀರಾ ಬಾಗಿಲಿನ ಬಿರುಕಿನಿಂದ ಕಣ್ಣು ತೆಗೆಯದೆ ನಿಂತಿದ್ದಳು. ಅವಳಿಗೆ ಇದು ಮೊದಲೇ ಗೊತ್ತಿತ್ತು.

ಹಿರಿಯರಲ್ಲಿ ದೊಡ್ಡವರು ಕೇಳಿದರು. "ಹಸನ್, ಈ ದುಡ್ಡು ನಿಮ್ಮ ಅಂಗಡಿಯಿಂದ ಹೋದದ್ದು ಹೌದಾ?"

"ಹೌದು."

"ಈ ಹುಡುಗಿ ಅಂಗಡಿಯಲ್ಲಿ ಕೂತು ಕೆಲಸ ಮಾಡಿದ್ದುಂಟಾ?"

"ಇಲ್ಲ. ಮನೆಯಲ್ಲೇ ಇದ್ದಳು."

"ಕೆಲಸ ಇಲ್ಲದೆ ಕೊಟ್ಟದ್ದು ಸಂಬಳ ಹೇಗಾಗುತ್ತದೆ? ಅದು ನೀವು ಪ್ರೀತಿಯಿಂದ ಕೊಟ್ಟದ್ದು. ಅಂದರೆ ಇಲ್ಯಾಸ್‌ನ ಪಾಲು ಅವನ ಮನೆಯವರಿಗೆ ಮುಟ್ಟಿದ ಹಾಗೇ ಆಯಿತಲ್ಲ."

ಹಸನ್ ಸಾಹೇಬರು ತಸ್ಬೀಹ್ ಮಣಿ ತಿರುಗಿಸುತ್ತಿದ್ದರು. ಅವರ ಬೆರಳು ನಿಲ್ಲಲಿಲ್ಲ. ಹಾಜರ ಅವರ ಬಾಯಿಯನ್ನೇ ನೋಡಿದಳು. ಜೀವಮಾನದಲ್ಲಿ ಒಂದು ಸುಳ್ಳು ಹೇಳದವರು ಎಂದು ಊರೆಲ್ಲ ಹೇಳುವ ಬಾಯಿ ಅದು. ತೆರೆಯಲಿಲ್ಲ.

"ಮಗಳೇ," ಹಿರಿಯರು ಬಾಗಿಲ ಕಡೆ ತಿರುಗಿ ಮೃದುವಾಗಿ ಕರೆದರು. "ನಿನಗೇನಾದರೂ ಹೇಳುವುದುಂಟಾ? ಹೆದರಬೇಡ."

ಅವಳಿಗಿಂತ ಮೊದಲು ರಯ್ಯಾನ್ ಮಾತಾಡಿದ. "ಭಾಭಿ, ಯೋಚಿಸಿ ಹೇಳಿ. ವೀಸಾದ ಕಾಗದಕ್ಕೆ ಸಂಬಂಧಪಟ್ಟ ಮಾತು. ಸಲ್ವಾದೂ ಅದರಲ್ಲೇ ಉಂಟು."

ದುಡ್ಡು ವಾಪಸು ಕೊಟ್ಟೆ ಎಂದರೆ ಸಂಬಳ ಸುಳ್ಳು. ಸಂಬಳ ಸುಳ್ಳಾದರೆ ವೀಸಾ ಸುಳ್ಳು. ಸುಳ್ಳು ಸಂಬಳಕ್ಕೆ ಅವಳೇ ಸಹಿ ಹಾಕಿದ್ದಳು.

"ಮಮ್ಮಾ ಎವ್ರಿ ಮಂತ್ ದಾದಾನ ಕೈಗೇ..." ಸಲ್ವಾ ಜೋರಾಗಿ ಶುರು ಮಾಡಿದಳು. ಹಾಜರ ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಹುಡುಗಿ ಕೊಸರಿದಳು. ಹಲ್ಲು ತಾಗಿ ಹಾಜರಳ ಬೆರಳು ಸೀಳಿತು.

"ಏನೂ ಇಲ್ಲ," ಎಂದಳು ಹಾಜರ.

"ಒಳ್ಳೆಯದು. ಖಲಾಸ್," ಎಂದರು ಹಿರಿಯರು. "ಸಮಾಧಾನದಿಂದ ಮುಗಿಯಿತು. ಇಂಥ ಮನೆ ಅಪರೂಪ." ಅಮೀರಾ ಸುಲೈಮಾನಿ ಚಹಾ ತೆಗೆದುಕೊಂಡು ಹೋದಳು.

ಆ ಸಂಜೆ ಸಲ್ವಾ ಅಜ್ಜನ ಕೋಣೆಗೆ ಹೋಗಲಿಲ್ಲ. ಅಮ್ಮನ ಹತ್ತಿರವೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ಮಾತ್ರ, ಶಾಲೆಯ ಬಸ್ಸಿಗೆ ಕೆಳಗೆ ಇಳಿಯುವ ಮೊದಲು, ಶೂ ಕಟ್ಟುತ್ತಾ ಹೇಳಿದಳು. "ನನ್ನ ಬಾಯಿ ಮುಚ್ಚಿದ್ದು ನೀವು. ಅವರಲ್ಲ."

ಹಾಜರ ಅವಳ ಬ್ಯಾಗಿನ ಝಿಪ್ಪು ಎಳೆದು, ಟಿಫಿನ್ ಇದೆಯಾ ಎಂದು ನೋಡಿದಳು. 

ಚಿಕ್ಕ ಅಂಗಡಿ ಫರಾಝನ ಮಗನ ಹೆಸರಿಗಾಯಿತು. ಬೋರ್ಡು ಬದಲಾಯಿತು. ಅದೇ ದಿನಗಳಲ್ಲಿ ಹಸನ್ ಸಾಹೇಬರ ಎಡಗಾಲಿನ ಹೆಬ್ಬೆರಳಲ್ಲಿ ಹುಣ್ಣಾಯಿತು. ಹೊಸ ಚಪ್ಪಲಿ ಕಚ್ಚಿದ್ದು. ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ ಎಂದಳು ಕ್ಲಿನಿಕ್ಕಿನ ನರ್ಸ್ ಫೆಲ್ಸಿ. ದಿನಾ ಉಗುರುಬೆಚ್ಚನೆಯ ನೀರಲ್ಲಿ ತೊಳೆದು, ಒಣಗಿಸಿ, ಪಟ್ಟಿ ಕಟ್ಟಬೇಕು. "ನೀರಲ್ಲಿ ಐದು ನಿಮಿಷ ಸಾಕು. ನೆನೆಸಿ ಬಿಟ್ಟರೆ ಹುಣ್ಣು ಒಳಗೆ ಹೋಗ್ತದೆ, ಬೆರಳೇ ತೆಗೀಬೇಕಾದೀತು." ಮೊಣಕಾಲಿನ ಆಪರೇಶನ್ ಆದ ಮೇಲೆ ಮುದುಕರಿಗೆ ಬಗ್ಗಲು ಆಗುತ್ತಿರಲಿಲ್ಲ. ಆ ಕಾಲನ್ನು ಬೇರೆಯವರೇ ಎತ್ತಿ ಇಡಬೇಕು. ಕೆಲಸ ಹಾಜರಳಿಗೇ ಬಂತು. ಅವಳು ಮಾಡಿದಳು.

ಮುಂದಿನ ತಿಂಗಳು ರಯ್ಯಾನ್ ತಿಂಡಿಯ ಹೊತ್ತಿಗೆ ಹೇಳಿದ. "ಭಾಭಿ, ಲೈಸೆನ್ಸ್ ಈಗ ನನ್ನ ಹೆಸರಲ್ಲಿ. ವೀಸಾ ಲೆಕ್ಕ ಸರಿಮಾಡಬೇಕು. ನಿಮ್ಮದನ್ನು ಕ್ಯಾನ್ಸಲ್ ಮಾಡಿ ಒಬ್ಬ ಸೇಲ್ಸ್‌ಮನ್ ತರಬೇಕು. ಸಲ್ವಾನ ಪರೀಕ್ಷೆ ಮುಗಿಯಲಿ, ಆಮೇಲೆ ನೀವಿಬ್ಬರೂ ಊರಿಗೆ ಹೋಗಿ. ಅಲ್ಲಿ ಖರ್ಚೂ ಕಮ್ಮಿ."

"ಮಾವನ ಕಾಲು?"

"ಅಷ್ಟರಲ್ಲಿ ವಾಸಿ ಆಗ್ತದೆ."

ಅಮೀರಾ ಪರೋಟಾ ಮುರಿಯುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. "ಆಗದಿದ್ದರೆ?"

"ಆಗ್ತದೆ ಅಂದೆನಲ್ಲ."

ಕಾಗದ ಮೊದಲೇ ಸಿದ್ಧ ಮಾಡಿಸಿಡಲು ರಯ್ಯಾನ್ ಹಾಜರಳನ್ನು ಟೈಪಿಂಗ್ ಸೆಂಟರಿಗೆ ಕರೆದುಕೊಂಡು ಹೋದ. ಅಲ್ಲಿನ ಲಿಯೊನೆಲ್ ಮಂಗಳೂರಿನವನು, ಇಪ್ಪತ್ತು ವರ್ಷದಿಂದ ಈ ಬೀದಿಯ ಎಲ್ಲರ ಕಾಗದ ಅವನೇ ಹೊಡೆಯುವುದು. ಅವನು ಪರದೆ ನೋಡುತ್ತಾ ಗಟ್ಟಿಯಾಗಿ ಓದಿದ.

"ಕ್ಲಾರ್ಕ್, ಆರು ವರ್ಷ. ಕೆಲಸ ಬಿಡುವವರಿಗೆ ಗ್ರಾಚ್ಯುಟಿ ಕೊಡಬೇಕು. ಇವರ ಮೂಲ ಸಂಬಳಕ್ಕೆ ಹನ್ನೊಂದು ಸಾವಿರದ ಚಿಲ್ಲರೆ ಆಗ್ತದೆ. ಕೊಟ್ಟಿದ್ದೀರಾ ರಯ್ಯಾನ್ ಭಾಯ್?"

"ಕೊಟ್ಟಾಗಿದೆ. ಹೊಡಿ ಮಾರಾಯ."

"ಎಲ್ಲ ಬಾಕಿ ಮುಟ್ಟಿದೆ ಅಂತ ಇವರು ಸಹಿ ಹಾಕಬೇಕಲ್ಲ." ಲಿಯೊನೆಲ್ ಕನ್ನಡಕದ ಮೇಲಿನಿಂದ ನೋಡಿದ. "ಅಕ್ಕ, ಸಿಕ್ಕಿತಾ?"

ಪೆನ್ನು ಅವಳ ಮುಂದೆ ಇತ್ತು. ಹಾಜರ ಕಾಗದವನ್ನು ಕೊನೆಯವರೆಗೂ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

"ಇಲ್ಲ," ಎಂದಳು.

"ಭಾಭಿ!"

"ಸಿಕ್ಕಿಲ್ಲ ರಯ್ಯಾನ್. ನನಗೆ ಸಂಬಳ ಸಿಕ್ಕಿದೆ ಅಂತ ಹಿರಿಯರ ಮುಂದೆ ನೀವೇ ಸಾಬೀತು ಮಾಡಿದ್ದು. ಸಂಬಳ ಸಿಕ್ಕವಳಿಗೆ ಇದೂ ಸಿಗಬೇಕಲ್ಲ."

ಹಿಂದೆ ಸಾಲಿನಲ್ಲಿದ್ದ ಇಬ್ಬರು ಪಠಾಣರು ಕತ್ತು ಉದ್ದ ಮಾಡಿದರು. ರಯ್ಯಾನ್ ಕಾಗದ ಕಿತ್ತುಕೊಂಡ. ಹೊರಗೆ ಬಿಸಿಲಿನಲ್ಲಿ ನಿಂತು ಕೂಗಿದ. "ಮನೆಯಲ್ಲಿ ಕೂರಿಸಿ ಅನ್ನ ಹಾಕಿದ್ದಕ್ಕೆ ಗ್ರಾಚ್ಯುಟಿಯಾ? ಕೆಲಸ ಬಿಟ್ಟು ಓಡಿಹೋದಳು ಅಂತ ಕೇಸ್ ಹಾಕಿಬಿಡ್ತೇನೆ, ಗೊತ್ತಾ? ಏರ್‌ಪೋರ್ಟಲ್ಲೇ ಹಿಡೀತಾರೆ!"

"ಹಾಕು. ಎಲ್ಲಿಗೆ ಓಡಿಹೋದೆ ಅಂತ ಕೇಳಿದರೆ ನಿನ್ನ ಮನೆಯ ನಂಬರೇ ಕೊಡಬೇಕಾಗ್ತದೆ."

ಈ ಮನೆಗೆ ಬಂದ ಮೇಲೆ ಅವಳು ಅವನನ್ನು ಮೊದಲ ಬಾರಿ ಏಕವಚನದಲ್ಲಿ ಮಾತಾಡಿಸಿದ್ದಳು. 

ಎರಡು ದಿನ ಅಮೀರಾ ತನಗೂ ಗಂಡನಿಗೂ ಮಾತ್ರ ಹೊರಗಿನಿಂದ ಊಟ ತರಿಸಿದಳು. ಡಬ್ಬಿಗಳನ್ನು ಹಾಜರಳ ಎದುರೇ ತೆರೆದು, ಉಳಿದದ್ದನ್ನು ಕಸಕ್ಕೆ ಹಾಕಿದಳು. ಫರಾಝ್ ಅಬುಧಾಬಿಯಿಂದ ಫೋನ್ ಮಾಡಿದ. "ಹನ್ನೊಂದು ಸಾವಿರಕ್ಕೆ ಖಾಂದಾನಿನ ಮಾನ ಟೈಪಿಂಗ್ ಸೆಂಟರಿನಲ್ಲಿ ಹರಾಜು ಹಾಕಿದೆಯಲ್ಲ ಹಾಜರ. ಇಲ್ಯಾಸ್ ಇದ್ದಿದ್ದರೆ ನಾಚಿಕೊಳ್ಳುತ್ತಿದ್ದ." ಅವಳು ಪೂರ್ತಿ ಕೇಳಿ, ಸಲಾಂ ಹೇಳಿ ಇಟ್ಟಳು.

ಮೂರನೇ ದಿನ ಮಧ್ಯಾಹ್ನ ಹಾಲಿನ ಸೋಫಾದ ಮುಂದೆ ಪ್ಲಾಸ್ಟಿಕ್ ಬೋಗುಣಿ ಇಟ್ಟು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಮಾವನ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಅದರಲ್ಲಿಟ್ಟಳು. ಮೊಬೈಲಿನಲ್ಲಿ ಐದು ನಿಮಿಷದ ಅಲಾರಂ ಇಟ್ಟಳು. ಅಮೀರಾ ಕೋಣೆಯಲ್ಲಿದ್ದಳು, ಸಲ್ವಾ ಇನ್ನೂ ಬಂದಿರಲಿಲ್ಲ.

"ಸಹಿ ಹಾಕಿಬಿಡು ಮಗಳೇ," ಎಂದರು ಹಸನ್ ಸಾಹೇಬರು. "ರಯ್ಯಾನ್‌ಗೆ ಸಿಟ್ಟು ಜಾಸ್ತಿ. ಮನೆಯಲ್ಲಿ ನೆಮ್ಮದಿ ಇಲ್ಲ. ನನಗೆ ಎರಡು ದಿನದಿಂದ ನಿದ್ರೆ ಇಲ್ಲ."

ಹಾಜರ ಹತ್ತಿಯಿಂದ ಬೆರಳ ಸಂದಿ ಒರೆಸುತ್ತಿದ್ದಳು. "ಮಾವ, ಒಂದು ಮಾತು ಕೇಳಲಾ? ಪ್ರತಿ ತಿಂಗಳು ಆ ನಾಲ್ಕು ಸಾವಿರ ನಿಮ್ಮ ಕೈಯಲ್ಲೇ ಇಟ್ಟದ್ದಲ್ವಾ ನಾನು?"

"ಹೌದು. ಇಟ್ಟಿದ್ದೀ. ಒಂದು ತಿಂಗಳೂ ತಪ್ಪಿಸಿಲ್ಲ. ಅಲ್ಲಾಹ್ ನಿನಗೆ ಒಳ್ಳೆಯದು ಮಾಡಲಿ."

"ಹಿರಿಯರ ಮುಂದೆ ಯಾಕೆ ಹೇಳಲಿಲ್ಲ?"

ಅವರು ಸ್ವಲ್ಪ ಯೋಚಿಸಿದರು. ಮುಖದಲ್ಲಿ ನಾಚಿಕೆ ಇರಲಿಲ್ಲ. ಕಷ್ಟದ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವವರ ಗಾಂಭೀರ್ಯ ಇತ್ತು.

"ಅವರು ಕೇಳಿದ್ದು ಕೊಟ್ಟೆಯಾ ಅಂತ. ಕೊಟ್ಟೆ ಅಂದೆ. ವಾಪಸ್ ತಗೊಂಡೆಯಾ ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿರಲಿಲ್ಲ ನಾನು."

ಮೊಬೈಲ್ ಬಡಿದುಕೊಂಡಿತು. ಐದು ನಿಮಿಷ. ಹಾಜರ ಅದನ್ನು ನಿಲ್ಲಿಸಿದಳು.

"ಈಗ ರಯ್ಯಾನ್‌ಗೆ ಫೋನ್ ಮಾಡಿ ಇದನ್ನೇ ಹೇಳಿ. ನನ್ನೆದುರು."

"ಅವನು ಅಂಗಡಿಯಲ್ಲಿ ಇದ್ದಾನೆ. ಗಿರಾಕಿಗಳ ಹೊತ್ತು."

ಅವಳು ಎದ್ದು ನಿಂತಳು. ಕೈ ಒರೆಸಿಕೊಂಡು ಊಟದ ಮೇಜಿನ ಹತ್ತಿರ ಹೋಗಿ ಕುರ್ಚಿಯಲ್ಲಿ ಕೂತಳು.

"ಹಾಜರ? ಕಾಲು ತೆಗಿ."

ಅವಳು ಕೇಳಿಸದವಳಂತೆ ಇರಲಿಲ್ಲ, ಅವರನ್ನೇ ನೋಡುತ್ತಿದ್ದಳು. ಅವರು ಸೋಫಾದ ತೋಳು ಹಿಡಿದು ಮುಂದಕ್ಕೆ ಬಾಗಲು ನೋಡಿದರು. ಆಗಲಿಲ್ಲ. "ಅಮೀರಾ!" ಎಂದು ಕರೆದರು. ಕೋಣೆಯಿಂದ ಅಮೀರಾ ಬಂದು, ಬಾಗಿಲಲ್ಲೇ ನಿಂತು, ಬೋಗುಣಿಯಲ್ಲಿ ತೇಲುತ್ತಿದ್ದ ಹತ್ತಿ ಕಂಡು ಮೂಗಿಗೆ ದುಪಟ್ಟಾ ಒತ್ತಿಕೊಂಡಳು. "ಅಬ್ಬಾ, ನನಗೆ ಆಗುವುದಿಲ್ಲ, ವಾಂತಿ ಬರ್ತದೆ. ಭಾಭಿ ಇದ್ದಾರಲ್ಲ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಸನ್ ಸಾಹೇಬರು ಮಗನಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು. "ಹಾಜರ ನನ್ನ ಕಾಲು ನೀರಲ್ಲೇ ಬಿಟ್ಟು ಕೂತಿದ್ದಾಳೆ. ಬೇಗ ಬಾ."

"ಅಬ್ಬಾ, ಈಗ ಹೇಗೆ ಬರುವುದು? ಅಮೀರಾಗೆ ಹೇಳಿ. ಸಂಜೆ ಬಂದು ಅವಳನ್ನು ವಿಚಾರಿಸ್ತೇನೆ."

ಅವರು ಫೋನ್ ಮಡಿಲಲ್ಲಿಟ್ಟರು. ಹೊತ್ತು ಹೋಯಿತು. ನೀರು ತಣ್ಣಗಾಗಿರಬೇಕು, ಕಾಲು ಒಮ್ಮೊಮ್ಮೆ ನಡುಗುತ್ತಿತ್ತು. ಎರಡು ಬಾರಿ ಹಾಜರಳ ಕೈ ತಾನಾಗಿ ಮೇಜಿನಿಂದ ಎದ್ದಿತು. ಎರಡೂ ಬಾರಿ ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೂರಿಸಿದಳು.

ಬಾಗಿಲು ತೆರೆಯಿತು. ಸಲ್ವಾ ಒಳಗೆ ಬಂದು ಶೂ ಕಳಚಿದಳು. ಅಜ್ಜನನ್ನು ನೋಡಿದಳು, ಅಮ್ಮನನ್ನು ನೋಡಿದಳು.

"ಸಲ್ವಾ, ಮಗಳೇ," ಎಂದರು ಅಜ್ಜ. ಧ್ವನಿ ಒಡೆದಿತ್ತು. "ನನ್ನ ಕಾಲು ಎತ್ತು."

ಹುಡುಗಿ ಬ್ಯಾಗು ಎಸೆದು, ಸೋಫಾದ ಮೇಲಿದ್ದ ಟವೆಲ್ ತೆಗೆದುಕೊಂಡು ನೆಲಕ್ಕೆ ಮೊಣಕಾಲೂರಿದಳು. ನೀರಿಗೆ ಕೈ ಹಾಕಿದಳು. ಹಾಜರ ಕುರ್ಚಿಯಿಂದ ಏಳದೆಯೇ ಹೇಳಿದಳು.

"ಮುಟ್ಟುವ ಮೊದಲು ಕೇಳು. ಅಪ್ಪನ ಪಾಲು ಎಲ್ಲಿ ಹೋಯಿತು ಅಂತ."

ಈ ಬಾರಿ ಬಾಯಿ ಮುಚ್ಚುವ ಕೈ ಇರಲಿಲ್ಲ. ಸಲ್ವಾ ತಲೆ ಎತ್ತಿ, ಕನ್ನಡದಲ್ಲೇ ಕೇಳಿದಳು. "ನನ್ನ ಅಪ್ಪನ ಪಾಲು ಎಲ್ಲಿ ದಾದಾ?"

ಹಸನ್ ಸಾಹೇಬರು ಸೊಸೆಯ ಕಡೆ ನೋಡಿದರು. ಅಮೀರಾಳ ಮುಚ್ಚಿದ ಬಾಗಿಲ ಕಡೆ ನೋಡಿದರು. ಆಮೇಲೆ ಮೊಮ್ಮಗಳ ಕಣ್ಣಿಗೆ ಕಣ್ಣು ಕೊಡದೆ ಹೇಳಿದರು.

"ನಿನ್ನ ಅಮ್ಮನಿಗೆ ಸಂಬಳ ಕೊಟ್ಟಿದ್ದೇನಲ್ಲ."

ಸಲ್ವಾ ನೀರಿನಿಂದ ಕೈ ತೆಗೆದಳು. ಆ ಟವೆಲಿಗೇ ಬೆರಳು ಒಂದೊಂದಾಗಿ ಒರೆಸಿಕೊಂಡಳು. ಅದನ್ನು ಮಡಚಿ, ಅವರ ಕೈಗೆ ಎಟುಕದಷ್ಟು ದೂರದ ಕುರ್ಚಿಯ ಬೆನ್ನಿಗೆ ಹಾಕಿ, ಅಮ್ಮನನ್ನು ಕೇಳಿದಳು.

"ಊಟಕ್ಕೆ ಎಂತ ಉಂಟು?"